ಲೋಹಶೋಧಕಕ್ಕೆ ಓದು ಬಾರದು

ಹೂತಿಟ್ಟ ಹೊನ್ನಿನ ಕಥೆಯಿಲ್ಲದ ಊರನ್ನು ತುಮಕೂರು ಜಿಲ್ಲೆಯಲ್ಲಿ ಹುಡುಕುವುದು ಕಷ್ಟ. ಪಾಳು ಕೋಟೆಯ ಬುಡದಲ್ಲಿ, ಹಾಳು ಗುಡಿಯ ಒಳಗೆ, ಕೆರೆಯ ಏರಿಯ ಕೆಳಗೆ ಕೊಪ್ಪರಿಗೆಗಟ್ಟಲೆ ಹೊನ್ನಿದೆ, ಅದನ್ನು ಸರ್ಪವೊಂದು ಕಾಯುತ್ತಿದೆ ಎಂಬ ಮಾತು ಅಜ್ಜಂದಿರಿಂದ ಮೊಮ್ಮಕ್ಕಳಿಗೆ ದಾಟುತ್ತಲೇ ಬಂದಿದೆ. ಹಿಂದೆ ನಿಧಿಯ ಜಾಗ ತಿಳಿಯಲು ಅಂಜನ ಹಾಕಿಸುತ್ತಿದ್ದರು. ಅಂಜನದ ಜಾಗಕ್ಕೆ ಈಗ ಯಂತ್ರ ಬಂದಿದೆ. ಉದ್ದನೆಯ ಕೋಲು, ಅದರ ತುದಿಗೆ ತಟ್ಟೆಯಂಥ ಸುರುಳಿ, ಕಿವಿಗೆ ಹೆಡ್‌ಫೋನು. ಅದರ ಹೆಸರು ಮೆಟಲ್ ಡಿಟೆಕ್ಟರ್, ಕನ್ನಡದಲ್ಲಿ ಲೋಹಶೋಧಕ.

ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದು ಗಾಳ ಹಾಕಿ ಮೀನು ಹಿಡಿಯುವಂಥದೇ ಒಂದು ಹವ್ಯಾಸ. ರಜೆಯ ದಿನ ಹೊಲಕ್ಕೋ ಕಡಲ ದಂಡೆಗೋ ಹೋಗಿ ಹಳೆಯ ನಾಣ್ಯ, ಗುಂಡಿ, ಉಂಗುರ ಹುಡುಕುವವರು ಅಲ್ಲಿ ಸಾವಿರಾರು ಮಂದಿ ಇದ್ದಾರೆ. ಅಗ್ಗದ ಯಂತ್ರದಿಂದ ಶುರು ಮಾಡಿದವನಿಗೆ ಕೆಲವೇ ತಿಂಗಳಲ್ಲಿ ಅದು ಸಾಲದು ಅನ್ನಿಸುತ್ತದೆ. ಇನ್ನೂ ಆಳಕ್ಕೆ ಕಾಣುವ, ಮೊಳೆಗೂ ಮೊಹರಿಗೂ ವ್ಯತ್ಯಾಸ ಹೇಳುವ ಯಂತ್ರ ಬೇಕೆನ್ನಿಸುತ್ತದೆ. ಹಾಗಾದರೆ ಒಳ್ಳೆಯ ಯಂತ್ರ ಎಂದರೆ ಯಾವುದು? ತುಮಕೂರು, ಗುಬ್ಬಿ, ಕುಣಿಗಲ್ಲಿನ ನೆಲದಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಅದು ವಿಜ್ಞಾನದಿಂದ ಚರಿತ್ರೆಗೂ, ಚರಿತ್ರೆಯಿಂದ ಕಾನೂನಿಗೂ ಕರೆದೊಯ್ಯುತ್ತದೆ.

ಗುಂಡು ಹುಡುಕಲು ಹೊರಟ ಬೆಲ್

ಲೋಹಶೋಧಕದ ಚರಿತ್ರೆಯ ಮೊದಲ ಹೆಸರಾಂತ ಪ್ರಸಂಗ ನಡೆದದ್ದು ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿತು. ಗುಂಡು ದೇಹದೊಳಗೆ ಎಲ್ಲಿ ಕೂತಿದೆ ಎಂಬುದು ವೈದ್ಯರಿಗೆ ಗೊತ್ತಾಗಲಿಲ್ಲ. ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಟೆಲಿಫೋನ್ ಕಂಡುಹಿಡಿದಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳನ್ನು ಜೋಡಿಸಿ, ಲೋಹ ಹತ್ತಿರ ಬಂದರೆ ಸದ್ದು ಮಾಡುವ ಉಪಕರಣವೊಂದನ್ನು ತಂದರು. ಹೊರಗೆ ಪರೀಕ್ಷಿಸಿದಾಗ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅಧ್ಯಕ್ಷರ ಮೈಮೇಲೆ ಹಿಡಿದಾಗ ಮಾತ್ರ ಸದ್ದು ಗೊಂದಲಗೊಂಡಿತು. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು. ಮೇಲಾಗಿ ಮುಖ್ಯ ವೈದ್ಯರು ಗುಂಡು ಬಲಭಾಗದಲ್ಲೇ ಇದೆಯೆಂದು ನಂಬಿ ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು.

ಇಂದಿನ ಹವ್ಯಾಸಿ ಎದುರಿಸುವ ಎರಡು ತೊಡಕುಗಳೂ ಆ ಮೊದಲ ಪ್ರಯತ್ನದಲ್ಲೇ ಕಾಣುತ್ತವೆ. ಒಂದು, ಸುತ್ತಲಿನ ಕಬ್ಬಿಣ ಯಂತ್ರದ ದಾರಿ ತಪ್ಪಿಸುತ್ತದೆ. ಇನ್ನೊಂದು, ಎಲ್ಲಿ ಹುಡುಕಬೇಕೆಂದು ತೀರ್ಮಾನಿಸುವವನು ತಪ್ಪಿದರೆ ಯಂತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಮುಂದೆ ಗೆರ್ಹಾರ್ಡ್ ಫಿಷರ್ ಎಂಬ ಎಂಜಿನಿಯರ್ ರೇಡಿಯೊ ಅಲೆಗಳಿಂದ ದಿಕ್ಕು ಗುರುತಿಸುವ ಕೆಲಸದಲ್ಲಿದ್ದಾಗ, ಲೋಹ ಮತ್ತು ಅದಿರು ಇರುವ ಕಡೆ ದಿಕ್ಕಿನ ಲೆಕ್ಕ ತಪ್ಪುತ್ತಿರುವುದನ್ನು ಗಮನಿಸಿದರು. ಆ ತಪ್ಪನ್ನೇ ಉಪಯೋಗಕ್ಕೆ ತಿರುಗಿಸಿ 1931ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲೋಹಶೋಧಕ ತಯಾರಿಸುವ ಸಂಸ್ಥೆ ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕ 1942ರ ಎಲ್ ಅಲಮೇನ್ ಕದನದಲ್ಲಿ ಬ್ರಿಟಿಷ್ ಸೇನೆಗೆ ದಾರಿ ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಯಂತ್ರಗಳು ಜನರ ಕೈಗೆ ಬಂದವು. ಟ್ರಾನ್ಸಿಸ್ಟರ್ ಬಂದು ತೂಕ ಇಳಿದ ಮೇಲೆ 1960 ಮತ್ತು 70ರ ದಶಕಗಳಲ್ಲಿ ಹವ್ಯಾಸ ಹಬ್ಬಿತು.

ನಮ್ಮಲ್ಲಿ ಹೆಚ್ಚಿನ ಜನ ಲೋಹಶೋಧಕವನ್ನು ಕಂಡದ್ದು ಬೇರೆ ರೂಪದಲ್ಲಿ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ನಂತರದ ವರ್ಷಗಳಲ್ಲಿ ಸಭೆ ಸಮಾರಂಭ, ಕಚೇರಿ, ದೇವಸ್ಥಾನಗಳ ಬಾಗಿಲಲ್ಲಿ ನಿಂತ ಚೌಕಟ್ಟು, ಪೊಲೀಸರ ಕೈಯ ಪುಟ್ಟ ಕೋಲು ಎಲ್ಲರಿಗೂ ಪರಿಚಯವಾದವು.

ಸದ್ದು ಬರುವ ಬಗೆ

ಲೋಹಶೋಧಕದ ತತ್ವ ಸರಳವಾದದ್ದು. ತಟ್ಟೆಯೊಳಗಿನ ಒಂದು ಸುರುಳಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತ ಹರಿಯುತ್ತದೆ. ಅದರಿಂದ ನೆಲದೊಳಗೆ ಕಾಂತಕ್ಷೇತ್ರ ಹರಡುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಪುಟ್ಟ ಸುಳಿಗಳಂತೆ ವಿದ್ಯುತ್ತು ಹುಟ್ಟಿ ತನ್ನದೇ ಕಾಂತಕ್ಷೇತ್ರವನ್ನು ಮರಳಿ ಕಳಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದಾಗಿ ಕೇಳಿಸುತ್ತದೆ.

ಹಳೆಯ ಅಗ್ಗದ ಯಂತ್ರಗಳು ಲೋಹವಿದೆ ಎಂದಷ್ಟೇ ಹೇಳುತ್ತಿದ್ದವು. 1970ರ ದಶಕದಲ್ಲಿ ಬಂದ ಕಡಿಮೆ ಆವರ್ತನದ ಯಂತ್ರಗಳು ಮರಳಿ ಬಂದ ಸಂಕೇತ ಎಷ್ಟು ತಡವಾಗಿ ಬಂತು ಎಂಬುದನ್ನು ಅಳೆದು, ಅದು ಕಬ್ಬಿಣವೋ ತಾಮ್ರವೋ ಬೆಳ್ಳಿಯೋ ಎಂದು ಊಹಿಸಲು ಕಲಿತವು. ಇವು ಸಾಮಾನ್ಯವಾಗಿ 3ರಿಂದ 30 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಕಡಿಮೆ ಆವರ್ತನಕ್ಕೆ ದೊಡ್ಡ ಬೆಳ್ಳಿ, ತಾಮ್ರದ ವಸ್ತುಗಳು ಚೆನ್ನಾಗಿ ಸಿಗುತ್ತವೆ. ಹೆಚ್ಚಿನ ಆವರ್ತನಕ್ಕೆ ಚಿನ್ನದ ಸಣ್ಣ ತುಣುಕು. ಇನ್ನೊಂದು ಬಗೆಯ ಯಂತ್ರ ವಿದ್ಯುತ್ತನ್ನು ಬಡಿತ ಬಡಿತವಾಗಿ ಕಳಿಸುತ್ತದೆ. ಅದು ಅದಿರು ತುಂಬಿದ ನೆಲದಲ್ಲೂ ಆಳಕ್ಕೆ ಹೋಗುತ್ತದೆ, ಆದರೆ ಮೊಳೆಗೂ ನಾಣ್ಯಕ್ಕೂ ಭೇದ ಮಾಡುವುದರಲ್ಲಿ ಹಿಂದೆ. 1985ರಲ್ಲಿ ಆಸ್ಟ್ರೇಲಿಯದಲ್ಲಿ ಶುರುವಾದ ಮೈನ್‌ಲ್ಯಾಬ್‌ನಂಥ ಸಂಸ್ಥೆಗಳು 1990ರ ದಶಕದಿಂದ ಒಂದೇ ವೇಳೆಗೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ ಯಂತ್ರಗಳನ್ನು ತಂದವು. ಹವ್ಯಾಸಿ ಹೆಚ್ಚು ಹಣ ಕೊಡುವುದು ಮುಖ್ಯವಾಗಿ ಈ ಜಾಣತನಕ್ಕೆ.

ಆಳದ ಬಗ್ಗೆ ಮಾತ್ರ ಭ್ರಮೆ ಬೇಡ. ಒಂದು ನಾಣ್ಯವನ್ನು ಒಳ್ಳೆಯ ಯಂತ್ರವೂ ಸಾಧಾರಣವಾಗಿ ಒಂದು ಗೇಣಿನಷ್ಟು ಆಳದಲ್ಲಿ ಹಿಡಿಯಬಲ್ಲದು. ದೊಡ್ಡ ಪಾತ್ರೆಯಾದರೆ ಇನ್ನಷ್ಟು ಆಳ. ತಟ್ಟೆ ದೊಡ್ಡದಾದರೆ ಆಳ ಹೆಚ್ಚುತ್ತದೆ, ಆದರೆ ಸಣ್ಣ ನಾಣ್ಯ ತಪ್ಪಿಹೋಗುತ್ತದೆ.

ಕೆಂಪು ನೆಲದ ತಕರಾರು

ಯಂತ್ರ ಎಷ್ಟೇ ದುಬಾರಿಯಾದರೂ ಕೊನೆಗೆ ಅದನ್ನು ಪರೀಕ್ಷಿಸುವುದು ಮಣ್ಣು. ತುಮಕೂರು ಜಿಲ್ಲೆಯ ಮಣ್ಣು ಸುಲಭದ ಪರೀಕ್ಷಕನಲ್ಲ. ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಅಂಶದಿಂದ. ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯ ಬೆಟ್ಟಸಾಲುಗಳಲ್ಲಿ ಕಬ್ಬಿಣದ ಅದಿರೇ ಇದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ. ಹತ್ತಿರದ ದೊರೆಗುಡ್ಡದಲ್ಲಿ ಜನ ಅದಿರು ತೆಗೆಯುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಅವನ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು.

ಅದಿರು ಕರಗಿಸಿದ ಕಡೆಯಲ್ಲೆಲ್ಲ ಕಿಟ್ಟ ಉಳಿಯುತ್ತದೆ. ಕಪ್ಪಗೆ, ತೂತುತೂತಾಗಿ, ಭಾರವಾಗಿರುವ ಈ ಕಿಟ್ಟದ ಮೇಲೆ ಸಾಧಾರಣ ಯಂತ್ರ ಹಿಡಿದರೆ ನೆಲವೆಲ್ಲ ಕೂಗಿದಂತಾಗುತ್ತದೆ. ಇದಕ್ಕಾಗಿಯೇ ಒಳ್ಳೆಯ ಯಂತ್ರಗಳಲ್ಲಿ ನೆಲದ ಸದ್ದನ್ನು ತೂಗಿ ಕಳೆಯುವ ಏರ್ಪಾಡು ಇರುತ್ತದೆ. ಆದರೆ ಹವ್ಯಾಸಿ ಕಸವೆಂದು ಬದಿಗೆ ಎಸೆಯುವ ಕಿಟ್ಟವೇ ಚರಿತ್ರಕಾರನಿಗೆ ನಿಧಿ. ಯಾವ ಊರಿನವರು ಎಲ್ಲಿ ಕುಲುಮೆ ಹೂಡಿದ್ದರು, ಎಷ್ಟು ದೊಡ್ಡದಾಗಿ ಕಬ್ಬಿಣ ತೆಗೆಯುತ್ತಿದ್ದರು ಎಂಬುದಕ್ಕೆ ಬರಹದ ದಾಖಲೆ ಅಪರೂಪ. ಉಳಿದಿರುವ ಸಾಕ್ಷಿ ಆ ಕಿಟ್ಟವೇ.

ಹೊಲಗಳಲ್ಲಿ ಬೇರೆ ಬಗೆಯ ಕಬ್ಬಿಣ ಉಂಟು. ನೇಗಿಲ ಗುಳದ ಚೂರು, ಗಾಡಿಯ ಮೊಳೆ, ಎತ್ತಿನ ಲಾಳ. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ಲಿನಲ್ಲಿ ಕುದುರೆಯ ಲಾಳವೂ ಸೇರುತ್ತದೆ. ಅಡಿಕೆ, ಕೊಬ್ಬರಿ ವ್ಯಾಪಾರಕ್ಕೆ ಹೆಸರಾಗಿದ್ದ ಗುಬ್ಬಿಯ ಸಂತೆಯಂಥ ಕಡೆ ಜನರ ಕೈಯಿಂದ ಜಾರಿದ ಕಾಸುಗಳೂ ನೆಲ ಸೇರಿರುವುದು ಸಹಜ. ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಯಂತ್ರಕ್ಕೆ ಸುಲಭವಾಗಿ ಸಿಗುವಂಥವು. ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣ ಹಾಗಲ್ಲ. ಚಿನ್ನದ್ದೇ ಆದರೂ ತೂಕ ಅರ್ಧ ಗ್ರಾಮಿಗಿಂತಲೂ ಕಡಿಮೆ, ಗಾತ್ರದಲ್ಲಿ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ದೊಡ್ಡ ತಟ್ಟೆಯ, ಕಡಿಮೆ ಆವರ್ತನದ ಯಂತ್ರ ಅದರ ಮೇಲೆಯೇ ಹಾದುಹೋದರೂ ಸುಮ್ಮನಿದ್ದುಬಿಡಬಹುದು.

ಹುಸಿ ಯಂತ್ರದ ಬೆಲೆ

ಹೆಚ್ಚು ಬೆಲೆಯದೇ ಒಳ್ಳೆಯ ಯಂತ್ರ ಎಂಬ ನಂಬಿಕೆಯನ್ನು ಹಣ ಮಾಡಿಕೊಂಡವರೂ ಇದ್ದಾರೆ. ದೂರದಿಂದಲೇ ಚಿನ್ನ ತೋರಿಸುತ್ತದೆ, ಹತ್ತಾರು ಅಡಿ ಆಳದ ನಿಧಿಯ ಕಡೆಗೆ ತಾನೇ ತಿರುಗುತ್ತದೆ ಎಂದು ಮಾರುವ, ಹಿಡಿಯೊಂದಕ್ಕೆ ತಂತಿ ಸಿಕ್ಕಿಸಿದ ಸಾಧನಗಳು ಹಲವು ದೇಶಗಳಲ್ಲಿವೆ. ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬ ವ್ಯಾಪಾರಿ ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥ ವಸ್ತುವನ್ನು ಆಧಾರವಾಗಿಟ್ಟುಕೊಂಡು ಎಡಿಇ 651 ಎಂಬ ಸಾಧನ ಮಾಡಿಸಿ, ಬಾಂಬು ಪತ್ತೆ ಹಚ್ಚುತ್ತದೆ ಎಂದು ಇರಾಕ್ ಸರ್ಕಾರಕ್ಕೆ ಭಾರಿ ಬೆಲೆಗೆ ಮಾರಿದ. ಒಳಗೆ ಕೆಲಸ ಮಾಡುವ ಯಾವ ಯಂತ್ರಾಂಗವೂ ಇರಲಿಲ್ಲ. ಬಾಗ್ದಾದಿನ ತಪಾಸಣೆ ಠಾಣೆಗಳಲ್ಲಿ ಸಿಪಾಯಿಗಳು ಅದನ್ನೇ ಹಿಡಿದು ನಿಂತಿದ್ದರು. ಬಾಂಬು ತುಂಬಿದ ವಾಹನಗಳು ಅವರ ಎದುರೇ ಹಾದುಹೋದವು. 2013ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಹತ್ತು ವರ್ಷ ಶಿಕ್ಷೆ ವಿಧಿಸಿತು.

ನಿಧಿಯ ಆಸೆ ಹಿಡಿದವನು ಇಂಥ ಸಾಧನಕ್ಕೆ ಹೊಲ ಮಾರಿ ಹಣ ಕೊಟ್ಟರೆ ಕಳೆದುಕೊಳ್ಳುವುದು ಹೊಲವನ್ನಷ್ಟೇ ಅಲ್ಲ. ಹುಸಿ ಯಂತ್ರ ತಿರುಗಿದ ದಿಕ್ಕಿಗೆ ಹಾರೆ ಬೀಳುತ್ತದೆ. ಆ ದಿಕ್ಕಿನಲ್ಲಿ ವೀರಗಲ್ಲೋ, ಬಸವನೋ, ಗುಡಿಯ ಪಾಣಿಪೀಠವೋ ಇದ್ದರೆ ಅದು ಒಡೆಯುತ್ತದೆ. ಕರ್ನಾಟಕದ ಎಷ್ಟೋ ಪಾಳು ಗುಡಿಗಳಲ್ಲಿ ಕಿತ್ತುಬಿದ್ದ ಲಿಂಗ, ಸೀಳಿದ ನಂದಿ ಕಾಣುವುದು ಈ ಕಾರಣಕ್ಕೆ.

ಯಾಕೆ ಹೂತರು?

ನೆಲದಲ್ಲಿ ಹಣ ಸಿಗುವುದೇ ಇಲ್ಲವೆಂದು ಹೇಳಲಾಗದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ಹಾದಿಯ ಕೆಲಸಕ್ಕೆ ಅಗೆಯುವಾಗ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಮುಂತಾದವರ ನೂರೈವತ್ತಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಬ್ಯಾಂಕು ಇಲ್ಲದ ಕಾಲದಲ್ಲಿ ನೆಲವೇ ತಿಜೋರಿಯಾಗಿತ್ತು. ಅದರಲ್ಲೂ ತುಮಕೂರು ಸೀಮೆ ಸೇನೆಗಳು ಓಡಾಡಿದ ದಾರಿ. 1687ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯಾಯಿತು. ಹದಿನೆಂಟನೇ ಶತಮಾನದಲ್ಲಿ ಮರಾಠರ ದಾಳಿಗಳು ಮತ್ತೆ ಮತ್ತೆ ನಡೆದವು. 1761ರಲ್ಲಿ ಹೈದರ್ ಶಿರಾ ಹಿಡಿದ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಕುಣಿಗಲ್ ಸೀಮೆಯ ಹುಲಿಯೂರುದುರ್ಗವನ್ನು ವಶ ಮಾಡಿಕೊಂಡಿತು. ದಂಡು ಬರುತ್ತದೆ ಎಂಬ ಸುದ್ದಿ ಕೇಳಿದವರು ಮಡಕೆಯಲ್ಲಿ ಹಣ ಹಾಕಿ ಹೂತು ಓಡಿದರು. ಮರಳಿ ಬಂದವರು ತೆಗೆದುಕೊಂಡರು. ನೆಲದಲ್ಲೇ ಉಳಿದ ಮಡಕೆ ಮರಳಿ ಬಾರದವರದು. ಹಾಗೆ ನೋಡಿದರೆ ಪ್ರತಿ ನಿಧಿಯೂ ಒಂದು ಮನೆಯವರ ಅಪಘಾತದ ಗುರುತು. ಮಡಕೆ ಯಾವ ಗೋಡೆಯ ಪಕ್ಕ, ಯಾವ ಮಣ್ಣಿನ ಪದರದಲ್ಲಿ, ಯಾವ ನಾಣ್ಯಗಳ ಜೊತೆಯಲ್ಲಿತ್ತು ಎಂಬುದು ಗೊತ್ತಾದರೆ ಆ ಕಥೆ ಹೇಳಬಹುದು. ರಾತ್ರೋರಾತ್ರಿ ಅಗೆದು ತೂಕಕ್ಕೆ ಮಾರಿದರೆ ಉಳಿಯುವುದು ಕರಗಿದ ಚಿನ್ನ.

ಕಡಬದ ತಾಮ್ರಪಟ

ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನ ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದನ ಹೆಸರಿನದು. ಅದರ ತೇದಿ ಶಕ ವರ್ಷ 735, ಅಂದರೆ ಕ್ರಿ.ಶ. 812-13ರ ಸುಮಾರು. ಅದರಲ್ಲಿ ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನೆಂಬ ಚಾಲುಕ್ಯ ವಂಶದ ಅಧಿಕಾರಿಯ ಮಾತು ಬರುತ್ತದೆ. ಈ ಕುನುಂಗಿಲ್ ಎಂದರೆ ಇಂದಿನ ಕುಣಿಗಲ್. ವಿಮಲಾದಿತ್ಯನಿಗೆ ಶನಿಯ ಪೀಡೆ ತಗುಲಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿ ಅದನ್ನು ಬಿಡಿಸಿದರು. ಅದಕ್ಕಾಗಿ ವಿಮಲಾದಿತ್ಯನ ಸೋದರಮಾವ ಚಾಕಿರಾಜನ ಕೋರಿಕೆಯಂತೆ ಗೋವಿಂದ ಜಾಲಮಂಗಲವೆಂಬ ಊರನ್ನು ಮಾನ್ಯಪುರದ ಬಳಿಯ ಜಿನಾಲಯಕ್ಕೆ ದಾನ ಕೊಟ್ಟ. ಮಾನ್ಯಪುರ ಎಂದರೆ ನೆಲಮಂಗಲ ತಾಲ್ಲೂಕಿನ ಮಣ್ಣೆ.

ಕೆಲವು ತಾಮ್ರದ ಹಲಗೆಗಳಿಂದ ಎಷ್ಟು ಸಂಗತಿ ಹೊರಬಿತ್ತು ನೋಡಿ. ಸಾವಿರದ ಇನ್ನೂರು ವರ್ಷಗಳ ಹಿಂದೆ ಕುಣಿಗಲ್ ಒಂದು ದೇಶದ ಮುಖ್ಯಸ್ಥಾನವಾಗಿತ್ತು, ಅದನ್ನು ಆಳಿದವನ ಹೆಸರು ಇದು, ಅವನ ಮಾವ ಇಂಥವನು, ಶನಿಕಾಟಕ್ಕೆ ಆಗಲೂ ಜನ ಹೆದರುತ್ತಿದ್ದರು, ಜೈನ ಮುನಿಗಳಿಗೆ ಅರಮನೆಯವರಲ್ಲಿ ಇಷ್ಟು ಗೌರವವಿತ್ತು. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿ ಇದೂ ಸೇರಿದೆ.

ಇದೇ ಹಲಗೆಗಳ ಮೇಲೆ ಇಂದಿನ ಅತ್ಯುತ್ತಮ ಲೋಹಶೋಧಕ ಹಿಡಿದರೆ ಏನಾಗುತ್ತದೆ? ಗಟ್ಟಿಯಾದ, ಸ್ಪಷ್ಟವಾದ ಸದ್ದು ಬರುತ್ತದೆ. ಹಳೆಯ ಬಿಂದಿಗೆಯ ತಳಕ್ಕೂ ಅದೇ ಸದ್ದು. ತಾಮ್ರವೆಂದು ಯಂತ್ರ ಹೇಳಬಲ್ಲದು, ಅಕ್ಷರವಿದೆ ಎಂದು ಹೇಳಲಾರದು. ಸಿಕ್ಕವನು ಗುಜರಿಗೆ ಹಾಕಿದ್ದರೆ ವಿಮಲಾದಿತ್ಯ ನಮಗೆ ಹೆಸರಿಲ್ಲದವನಾಗಿ ಉಳಿಯುತ್ತಿದ್ದ. ಯಾರೋ ಅದನ್ನು ಓದಬಲ್ಲವರ ಕೈಗೆ ಮುಟ್ಟಿಸಿದ್ದರಿಂದ ಕುಣಿಗಲ್ಲಿನ ಚರಿತ್ರೆಯ ಒಂದು ಪುಟ ಉಳಿಯಿತು.

ಕಾನೂನು ಏನು ಹೇಳುತ್ತದೆ?

ನೆಲದಲ್ಲಿ ಸಿಕ್ಕ ನಿಧಿಯ ಬಗ್ಗೆ ಬ್ರಿಟಿಷರ ಕಾಲದಲ್ಲೇ, 1878ರಲ್ಲಿ, ಕಾಯ್ದೆ ಬಂದಿತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಹೂತ ವಸ್ತು ಸಿಕ್ಕವನು ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಿಕ್ಕವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಸರ್ಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಜೊತೆಗೆ ಅದರ ಐದನೇ ಒಂದರಷ್ಟು ಹೆಚ್ಚಿಗೆ ಕೊಡಬೇಕು. ಮುಚ್ಚಿಟ್ಟವನಿಗೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಇದಲ್ಲದೆ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ನಿಧಿ ಸಿಕ್ಕಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಉಂಟು. ಸಿಕ್ಕದ್ದನ್ನು ಹೇಳಿದವನಿಗೆ ಪಾಲೋ ಬೆಲೆಯೋ ಸಲ್ಲಬೇಕೆಂಬ ಚಿಂತನೆ ನೂರೈವತ್ತು ವರ್ಷಗಳ ಹಿಂದಿನ ಕಾಯ್ದೆಯಲ್ಲೇ ಇತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ಭಯದಿಂದಲೇ ಎಷ್ಟೋ ನಾಣ್ಯಗಳು ಅಕ್ಕಸಾಲಿಗನ ಮೂಸೆ ಸೇರಿವೆ.

ಸುತ್ತಿಗೆ ಹುಡುಕಲು ಹೋದವರು

ಇಂಗ್ಲೆಂಡಿನ ಸಫಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ರೈತನೊಬ್ಬನ ಸುತ್ತಿಗೆ ಕಳೆದುಹೋಯಿತು. ಲೋಹಶೋಧಕವಿದ್ದ ಸ್ನೇಹಿತನನ್ನು ಕರೆದ. ಸುತ್ತಿಗೆಗಿಂತ ಮೊದಲು ಸಿಕ್ಕದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಆತ ಸ್ವಲ್ಪ ಅಗೆದು, ದೊಡ್ಡದೆಂದು ಗೊತ್ತಾದೊಡನೆ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಉಳಿದದ್ದನ್ನು ಪುರಾತತ್ವಜ್ಞರು ಅಗೆದರು. ಹದಿನೈದು ಸಾವಿರದಷ್ಟು ನಾಣ್ಯಗಳು, ಚಮಚೆಗಳು, ಒಡವೆಗಳು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ದವು ಎಂಬುದೂ ತಿಳಿಯಿತು. ಬ್ರಿಟಿಷ್ ಮ್ಯೂಸಿಯಂ ಆ ನಿಧಿಯನ್ನಲ್ಲದೆ ಕೊನೆಗೆ ಸಿಕ್ಕ ಸುತ್ತಿಗೆಯನ್ನೂ ಇಟ್ಟುಕೊಂಡಿತು. ನಾಲ್ಕು ವರ್ಷಗಳಲ್ಲಿ, 1996ರಲ್ಲಿ, ಅಲ್ಲಿ ಹೊಸ ನಿಧಿ ಕಾಯ್ದೆ ಬಂತು. 1997ರಲ್ಲಿ ಶುರುವಾದ ದಾಖಲೆ ಯೋಜನೆಯಲ್ಲಿ ಹವ್ಯಾಸಿಗಳು ಮತ್ತು ಸಾರ್ವಜನಿಕರು ತಾವಾಗಿ ತಂದು ತೋರಿಸಿದ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ.

ಅಮೆರಿಕದಲ್ಲಿ ನಡೆದದ್ದು ಇನ್ನೂ ಕುತೂಹಲದ ಸಂಗತಿ. 1876ರಲ್ಲಿ ಕಸ್ಟರ್‌ನ ತುಕಡಿ ಮೂಲನಿವಾಸಿಗಳ ಕೈಯಲ್ಲಿ ನಾಶವಾದ ಲಿಟ್ಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲು 1983ರಲ್ಲಿ ಬೆಂಕಿಗೆ ಸುಟ್ಟಿತು. ಮರುವರ್ಷ ಪುರಾತತ್ವಜ್ಞರು ಹವ್ಯಾಸಿಗಳನ್ನೇ ಕರೆಸಿ ಸಾಲಾಗಿ ನಿಲ್ಲಿಸಿ ಹುಡುಕಿಸಿದರು. ಸದ್ದು ಬಂದ ಕಡೆ ಬಾವುಟ ನೆಟ್ಟು, ಪ್ರತಿ ಗುಂಡು, ತೋಟಾಗಳ ಜಾಗವನ್ನು ನಕ್ಷೆಗೆ ಏರಿಸಿದರು. ತೋಟಾದ ಮೇಲಿನ ಗುರುತಿನಿಂದ ಒಂದೊಂದು ಬಂದೂಕೂ ಎಲ್ಲಿಂದ ಎಲ್ಲಿಗೆ ಚಲಿಸಿತೆಂದು ತಿಳಿಯಿತು. ನೂರು ವರ್ಷ ಹೇಳಿಕೊಂಡು ಬಂದ ಕದನದ ಕಥೆಯನ್ನು ಮತ್ತೆ ಬರೆಯಬೇಕಾಯಿತು.

ಕುಣಿಗಲ್ ಸೀಮೆಯ ಹುಲಿಯೂರುದುರ್ಗ, ಹುತ್ರಿದುರ್ಗಗಳ ಇಳಿಜಾರುಗಳಿಗೂ ಇಂಥ ಕೆಲಸ ಸಲ್ಲುತ್ತದೆ. 1791ರ ಯುದ್ಧದ ಬಗ್ಗೆ ನಾವು ಓದುವುದು ಬಹುಪಾಲು ಗೆದ್ದ ಕಂಪನಿ ಸೇನೆಯ ಅಧಿಕಾರಿಗಳ ಬರಹ. ಕೋಟೆಯೊಳಗಿದ್ದವರ ಮಾತನ್ನು ಬರೆದಿಟ್ಟವರು ಕಡಿಮೆ. ಒಂದು ಸೀಸದ ಗುಂಡಿಗೆ ಸಂತೆಯಲ್ಲಿ ಬೆಲೆಯಿಲ್ಲ. ಅದು ಬಿದ್ದ ಜಾಗ ನಕ್ಷೆಯ ಮೇಲೆ ಬಂದರೆ, ಯಾರು ಯಾವ ಕಡೆಯಿಂದ ಹೊಡೆದರು, ಯಾರು ಎಲ್ಲಿ ನಿಂತು ತಡೆದರು ಎಂದು ಸೋತವರ ಪರವಾಗಿಯೂ ಸಾಕ್ಷಿ ಹೇಳಬಲ್ಲದು. ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಬಲ್ಲವರ ಮಾರ್ಗದರ್ಶನ ಬೇಕು, ಅಳತೆ ಪಟ್ಟಿ ಬೇಕು, ಸಿಕ್ಕದ್ದನ್ನು ಬರೆದಿಡುವ ಪುಸ್ತಕ ಬೇಕು. ಮೊದಲ ಯಂತ್ರ ಸಾಲದೆನ್ನಿಸಿದ ಹವ್ಯಾಸಿ ಮುಂದಿನದನ್ನು ಕೊಳ್ಳುವ ಮೊದಲು ಈ ಪಟ್ಟಿಯನ್ನು ನೋಡುವುದು ಒಳ್ಳೆಯದು. ಇದರಲ್ಲಿ ಯಾವುದೂ ಲೋಹಶೋಧಕದಷ್ಟು ದುಬಾರಿಯದಲ್ಲ.